ನಿಪ್ಪಾಣಿ ಕಡೆ ಗಡಿ ಹೇಗೆ ಕೆಲಸ ಮಾಡುತ್ತದೆ

ಬೆಳಗಾವಿ ಗಡಿ ಅಂದರೆ ದೂರದವರಿಗೆ ನೆನಪಾಗೋದು ಮಸಿ ಬಳಿದ ಬಸ್ಸು, ನವೆಂಬರ್ 1ರ ಮೆರವಣಿಗೆ, ಡಿಸೆಂಬರ್‌ನ ಅಧಿವೇಶನ. ಅದಕ್ಕೇ ಅವರು ಕೇಳುತ್ತಾರೆ: ಅಲ್ಲಿ ದಿನಾ ಹೇಗೆ ಬದುಕುತ್ತೀರಿ, ಆಚೆಯ ಮಹಾರಾಷ್ಟ್ರದವರ ಜೊತೆ ಮಾತು ಇದೆಯಾ ಅಂತ. ಇದೆ. ಹೆಣ್ಣು ಕೊಡುತ್ತೇವೆ, ತರುತ್ತೇವೆ, ಕಬ್ಬು ಕಳಿಸುತ್ತೇವೆ, ಜಾತ್ರೆಗೆ ಹೋಗುತ್ತೇವೆ. ನಾನು ಚಿಕ್ಕೋಡಿ ಕಡೆಯವನು. ಇಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೆರೆಯ ಆಚೆಗೂ ಈಚೆಗೂ ಯಾವುದರಲ್ಲಿ ವ್ಯತ್ಯಾಸ ಇದೆಯೋ ಅದರಲ್ಲಿ ಮಾತ್ರ ನಮ್ಮ ನಡೆ ಬದಲಾಗುತ್ತದೆ. ವ್ಯತ್ಯಾಸ ಇಲ್ಲದ ಕಡೆ ಗಡಿ ದಾಟಿದ್ದೇ ಗೊತ್ತಾಗೋದಿಲ್ಲ.

ಪೆಟ್ರೋಲ್ ನೋಡಿ. ಕೊಲ್ಲಾಪುರದಿಂದ ಹೆದ್ದಾರಿ ಹಿಡಿದು ಬಂದರೆ ಕಾಗಲ್ ದಾಟಿದ ಮೇಲೆ ನಿಪ್ಪಾಣಿ ತಾಲ್ಲೂಕಿನ ಕೊಗನೋಳಿ ಸಿಗುತ್ತದೆ, ಅಲ್ಲಿಂದ ಕರ್ನಾಟಕ. ಮಹಾರಾಷ್ಟ್ರಕ್ಕಿಂತ ನಮ್ಮಲ್ಲಿ ಪೆಟ್ರೋಲ್ ಅಗ್ಗ. ಹಾಗಾಗಿ ಆಚೆಯ ನಂಬರಿನ ಗಾಡಿಯಲ್ಲಿ ಕೂತವರು ‘ಮಾಮಾ, ಸ್ವಲ್ಪ ತಡಿ, ಮುಂದ ಪಂಪ್ ಐತಿ, ಅಲ್ಲೇ ಹಾಕಸೋಣು’ ಅನ್ನುತ್ತಾರೆ. 2024ರ ಜೂನ್‌ನಲ್ಲಿ ಕರ್ನಾಟಕ ಮಾರಾಟ ತೆರಿಗೆ ಏರಿಸಿತು, ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯಿತು. ಅಂತರ ಕಮ್ಮಿ ಆಯಿತು, ಅದಕ್ಕೋಸ್ಕರ ಬರುವವರ ಆಸೆಯೂ ಅಷ್ಟೇ ಕಮ್ಮಿ ಆಯಿತು. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಮೊದಲು ಎಲ್ಲ ಸಾಮಾನಿಗೂ ಹೀಗೇ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ತೆರಿಗೆ ನಾಕಾಗಳ ಮುಂದೆ ಲಾರಿ ಸಾಲು ನಿಲ್ಲೋದು ತಪ್ಪಿತು. ಈಗ ಸೀರೆಗೆ, ಸಿಮೆಂಟಿಗೆ, ಟ್ರ್ಯಾಕ್ಟರ್ ಬಿಡಿಭಾಗಕ್ಕೆ ಎರಡೂ ಕಡೆ ಒಂದೇ ತೆರಿಗೆ. ಪೆಟ್ರೋಲ್, ಡೀಸೆಲ್, ಕುಡಿಯುವ ಮದ್ಯ ಜಿಎಸ್‌ಟಿ ಹೊರಗೆ ಉಳಿದವು. ಇವತ್ತಿಗೂ ಗಡಿಯಲ್ಲಿ ದರ ಕೇಳಿ ಕೊಳ್ಳೋದು ಇವುಗಳಿಗೇ. ನಮ್ಮವರು ಬಟ್ಟೆಗೆ ಆಚೆಯ ಇಚಲಕರಂಜಿಗೆ ಹೋಗೋದು ಅಲ್ಲಿ ಮಗ್ಗಗಳು ಇವೆ ಅಂತ. ಅಥಣಿ, ಜಮಖಂಡಿ ಕಡೆಯವರು ಆಚೆಯ ಮಿರಜಿನ ದವಾಖಾನೆಗೆ ಹೋಗೋದು ಅಲ್ಲಿ ಡಾಕ್ಟರುಗಳು ಜಾಸ್ತಿ ಅಂತ. ಅದಕ್ಕೂ ರಾಜ್ಯಕ್ಕೂ ಸಂಬಂಧವಿಲ್ಲ.

ಬಸ್ಸಿನ ಲೆಕ್ಕವನ್ನು ಹೆಂಗಸರು ಚೆನ್ನಾಗಿ ಬಲ್ಲರು. 2023ರಲ್ಲಿ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಆಯಿತು. ಅದೇ ವರ್ಷ ಜೂನ್‌ನಲ್ಲಿ ನಮ್ಮಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೆಟ್ಟೇ ಉಚಿತ ಆಯಿತು. ತವರಿಗೆ ಹೊರಟವರು ಎಲ್ಲಿ ತನಕ ನಮ್ಮ ಬಸ್ಸು, ಎಲ್ಲಿಂದ ಎಸ್‌ಟಿ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡುತ್ತಾರೆ.

ಇನ್ನು ಕಬ್ಬು. ಕಡಿದ ಕಬ್ಬು ಹೊಲದಲ್ಲೇ ಬಿದ್ದರೆ ದಿನದಿಂದ ದಿನಕ್ಕೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ರೈತ ಮೊದಲು ನೋಡೋದು ಕಾರ್ಖಾನೆ ಎಷ್ಟು ದೂರ, ಕಬ್ಬು ಕಡಿಯುವ ಗ್ಯಾಂಗ್ ಯಾವಾಗ ಬರುತ್ತದೆ ಅಂತ. ಆಮೇಲೆ ದರ. ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಇಡೀ ದೇಶಕ್ಕೆ ಒಂದೇ, ಆದರೆ ಅದು ರಿಕವರಿ, ಅಂದರೆ ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣದ ಮೇಲೆ ನಿಂತಿದೆ, ಕಡಿಯುವ ಮತ್ತು ಸಾಗಿಸುವ ಖರ್ಚು ಅದರಲ್ಲೇ ಮುರಿದುಕೊಳ್ಳಲಾಗುತ್ತದೆ. ಕೊಲ್ಲಾಪುರ ಭಾಗದಲ್ಲಿ ರಿಕವರಿ ಹೆಚ್ಚು, ಕೈಗೆ ಬರುವ ಹಣವೂ ಹೆಚ್ಚು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕು ಅಂತ ರಸ್ತೆಯಲ್ಲೇ ಕೂತರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಆ ಹಟಕ್ಕೆ ಬಲ ಕೊಟ್ಟಿದ್ದು ಆಚೆಯ ದರ. ಪಕ್ಕದ ಹೊಲದವನಿಗೆ ಎಷ್ಟು ಸಿಕ್ಕಿತು ಅಂತ ಕಣ್ಣಾರೆ ಕಂಡವರು ಸುಮ್ನೆ ಕೂರಲ್ಲ ಅಲ್ವಾ?

ಗಡಿ ನಿಜವಾಗಿ ನೋಯಿಸುವುದು ಕಾಗದದಲ್ಲಿ. ಪರಿಶಿಷ್ಟ ಜಾತಿಯ ಹುಡುಗಿ ಆಚೆಯ ಶಿರೋಳದಿಂದ ಚಿಕ್ಕೋಡಿಗೆ ಸೊಸೆಯಾಗಿ ಬಂದರೆ ಅವಳ ಭಾಷೆ, ದೇವರು, ಅಡುಗೆ ಯಾವುದೂ ಬದಲಾಗೋದಿಲ್ಲ. ಆದರೆ ಅವಳ ಮೀಸಲಾತಿ ಅಪ್ಪನ ರಾಜ್ಯಕ್ಕೆ ಸೇರಿದ್ದು. ಇಲ್ಲಿಯ ಸರ್ಕಾರಿ ನೌಕರಿಗೆ ಅದು ನಡೆಯೋದಿಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಟಿವಿಯಲ್ಲಿ ಗಡಿ ಚರ್ಚೆ ಆದಾಗ ಒಬ್ಬರೂ ಇದನ್ನು ಎತ್ತೋದಿಲ್ಲ.

ಈಗ ನೀರಿನ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಕಡೆ ಬರುತ್ತಾಳೆ. ದೂಧಗಂಗೆ, ವೇದಗಂಗೆ ಕೂಡ ಆಚೆಯಿಂದಲೇ ಬರೋದು. ಜುಲೈ ಬಂತೆಂದರೆ ಕಲ್ಲೋಳ-ಯಡೂರು, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳದಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಇಲ್ಲಿ ಮಳೆಯೇ ಇರೋದಿಲ್ಲ, ಬಿಸಿಲು ಬಿದ್ದಿರುತ್ತದೆ, ಆದರೂ ಸೇತುವೆ ಮುಳುಗಿರುತ್ತದೆ. ಮಳೆ ಬಿದ್ದದ್ದು ಕೊಯ್ನಾದಂಥ ಆಚೆಯ ಘಟ್ಟದ ಊರುಗಳಲ್ಲಿ.

ಮೇಲಿನವರು ಬಿಟ್ಟಷ್ಟು ಕೆಳಗಿನವರಿಗೆ ಅನ್ನೋದು ಅರ್ಧ ಮಾತು. ಘಟ್ಟದ ಹಳ್ಳ ಕಡಿದಾಗಿ ರಭಸದಿಂದ ಇಳಿಯುತ್ತದೆ. ಅಲ್ಲಿ ನೀರು ತನ್ನ ಅಲೆಗಿಂತ ಜೋರಾಗಿ ಓಡುತ್ತಿರುತ್ತದೆ, ಅದಕ್ಕೆ ಕೆಳಗೆ ಸಣ್ಣದೊಂದು ಅಡ್ಡ ಕಟ್ಟಿದರೆ ಅದರ ಸುದ್ದಿ ಮೇಲಕ್ಕೆ ಮುಟ್ಟೋದಿಲ್ಲ. ಬಯಲಿನ ಕೃಷ್ಣೆ ಹಾಗಲ್ಲ. ಇಳಿಜಾರು ತೀರ ಕಮ್ಮಿ, ಓಟ ನಿಧಾನ. ಇಂಥ ನದಿಯಲ್ಲಿ ಕೆಳಗಿನ ಕೊನೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನೋದು ಮೇಲಿನ ಆಳವನ್ನೂ ತೀರ್ಮಾನಿಸುತ್ತದೆ. ಅದೇ ಹಿನ್ನೀರು. ಮೇಲಕ್ಕೆ ಹೋದ ಹಾಗೆ ಅದರ ಪ್ರಭಾವ ಸಣ್ಣದಾಗುತ್ತದೆ. ಎಲ್ಲಿಗೆ ಮುಗಿಯುತ್ತದೆ ಅನ್ನೋದೇ ಎರಡು ರಾಜ್ಯಗಳ ಜಗಳ. ಆಲಮಟ್ಟಿ ಈಗ 519.60 ಮೀಟರ್ ತನಕ ತುಂಬುತ್ತದೆ. 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿಸಿದರೆ ನಮ್ಮೂರು ಮುಳುಗುತ್ತದೆ ಅನ್ನೋದು ಸಾಂಗ್ಲಿಯವರ ಭಯ.

ಬಾಗಲಕೋಟೆ ಕಡೆ ಹೋದರೆ ಆ 524 ಅನ್ನುವ ಗೆರೆ ಜನರ ಬಾಯಲ್ಲೇ ಇದೆ. ಹಳೆ ಊರಿನ ಎಷ್ಟೋ ಓಣಿಗಳು ಹಿನ್ನೀರಿಗೆ ಹೋಗಿ, ಜನ ನವನಗರ ಸೇರಿದವರು. 524ರ ಗೆರೆಯೊಳಗೆ ಉಳಿದ ಮನೆಗಳಿಗೆ ಇನ್ನೂ ನೀರು ಬಂದಿಲ್ಲ. ಆದರೆ ಗೋಡೆ ಬಿರುಕು ಬಿಟ್ಟರೂ ರಿಪೇರಿಗೆ ದುಡ್ಡು ಹಾಕಲು ಮನಸ್ಸು ಬರೋದಿಲ್ಲ, ಮುಳುಗುವ ಮನೆಗೆ ಹೆಣ್ಣು ಕೊಡಲು ಯೋಚಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಅಂತ ನಿಗದಿ ಮಾಡಿತು. ಒಂದೇ ಬದುವಿನ ಆಚೀಚೆ 10 ಲಕ್ಷದ ಫರಕು. ಉತಾರದಲ್ಲಿ (ಪಹಣಿಯಲ್ಲಿ) ಏನು ಬರೆದಿದೆ ಅನ್ನೋದು ಆ ಮನೆಯ ಮುಂದಿನ ತಲೆಮಾರಿನ ಬದುಕನ್ನೇ ನಿರ್ಧರಿಸುತ್ತದೆ.

ಬೇಸಿಗೆಯಲ್ಲಿ ಚಿತ್ರ ತಿರುಗುತ್ತದೆ. ನದಿ ಒಣಗಿದಾಗ ಆಚೆಯ ಕೊಯ್ನಾ, ವಾರಣಾ ಅಣೆಕಟ್ಟುಗಳಿಂದ ನೀರು ಬಿಡಿ ಅಂತ ನಾವು ಕೇಳುತ್ತೇವೆ. ಆಚೆಯ ಜತ್ತ ತಾಲ್ಲೂಕಿನ ಹಳ್ಳಿಗಳು ನಮ್ಮ ತುಬಚಿ-ಬಬಲೇಶ್ವರ ಯೋಜನೆಯ ನೀರು ಕೇಳುತ್ತವೆ. ಕೊಡಬೇಕು ಅಂತಲೇ ನಾನು ಹೇಳುವವನು.

ಮಳೆಗಾಲಕ್ಕೆ ಬೇಕಾದದ್ದು ಇಷ್ಟು. ಕೊಯ್ನಾದಿಂದ ಬಿಟ್ಟ ನೀರು, ರಾಜಾಪುರ ದಾಟಿದ ನೀರು, ಹಿಪ್ಪರಗಿ ಮತ್ತು ಆಲಮಟ್ಟಿಯ ಮಟ್ಟ, ಇವೆಲ್ಲ ಒಂದೇ ಹಾಳೆಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ, ಶಿರೋಳದಿಂದ ಜಮಖಂಡಿ ತನಕ ನದಿ ದಂಡೆಯ ಪ್ರತಿ ಪಂಚಾಯಿತಿಗೆ ಗಂಟೆ ಗಂಟೆಗೆ ಬರಬೇಕು. ಅಧಿಕಾರಿಗಳ ಫೋನಿನಲ್ಲಿ ಇದ್ದರೆ ಸಾಲದು. ದನ ಬಿಚ್ಚಿಕೊಂಡು, ಮೇವು ಹೇರಿಕೊಂಡು, ವಯಸ್ಸಾದವರನ್ನು ಕರೆದುಕೊಂಡು ಎತ್ತರಕ್ಕೆ ಹೋಗಲು ಒಂದು ಮನೆಗೆ ಅರ್ಧ ದಿನವಾದರೂ ಬೇಕು.