ಹಳೆಯ ಲ್ಯಾಪ್‌ಟಾಪಿನ ವಿಂಡೋಸ್ ಹೊಸ ಕಂಪ್ಯೂಟರಿಗೆ ಬರುತ್ತದೆಯೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಪರದೆ ಒಡೆದಿದೆ. ತಯಾರಕರೇ ಹಾಕಿಕೊಟ್ಟ ವಿಂಡೋಸ್ 11 ಹೋಮ್ ಅದರಲ್ಲಿದೆ. ಈಗ ಬಿಡಿಭಾಗ ತಂದು ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ. ಹಳೆಯದರ ಪ್ರಾಡಕ್ಟ್ ಕೀ (ಪರವಾನಗಿಯ 25 ಅಕ್ಷರಗಳ ಸಂಕೇತ) ತೆಗೆದು ಇದಕ್ಕೆ ಹಾಕಬಹುದೇ?

ಉತ್ತರ: ಹಾಕುವಂತಿಲ್ಲ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಓಇಎಂ, ಅಂದರೆ ತಯಾರಕರ ಮೂಲಕ ಬರುವ ಪರವಾನಗಿಯದು. ಅದನ್ನು ಇನ್ನೊಬ್ಬರಿಗೆ ಕೊಡಬಹುದು, ಆದರೆ ಆ ಕಂಪ್ಯೂಟರಿನ ಸಮೇತ ಮಾತ್ರ ಎಂದು ಮೈಕ್ರೋಸಾಫ್ಟಿನ ಪರವಾನಗಿ ಪತ್ರದಲ್ಲೇ ಇದೆ. ಹಳೆಯದನ್ನು ಗುಜರಿಗೆ ಹಾಕಿದರೆ ಪರವಾನಗಿಯೂ ಅದರೊಂದಿಗೇ ಹೋಯಿತು.

ವಿಂಡೋಸ್ 8 ಬಂದ 2012ರಿಂದ ಈ ಕೀಯನ್ನು ತಯಾರಕರು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಮೂಲ ತಂತ್ರಾಂಶವಾದ ಫರ್ಮ್‌ವೇರಿನಲ್ಲೇ ಬರೆದಿಡುತ್ತಾರೆ. ಡಿಸ್ಕ್ ಪೂರ್ತಿ ಅಳಿಸಿದರೂ ಅದು ಅಲ್ಲೇ ಇರುತ್ತದೆ. ಆ 25 ಅಕ್ಷರಗಳನ್ನು ಓದಿ ತೋರಿಸುವ ಕಮಾಂಡುಗಳಿವೆ, ನಿಜ. ಆದರೆ ಕೀ ಕಣ್ಣಿಗೆ ಬಿದ್ದ ಮಾತ್ರಕ್ಕೆ ಹಕ್ಕು ಕೈಗೆ ಬಂದಂತಲ್ಲ. ಹೊಸ ಯಂತ್ರದಲ್ಲಿ ಅದು ಆಕ್ಟಿವೇಟ್ ಆದಂತೆ, ಅಂದರೆ ಮೈಕ್ರೋಸಾಫ್ಟ್ ಅಸಲಿ ಎಂದು ಒಪ್ಪಿದಂತೆ ಕಂಡರೂ ಪರವಾನಗಿ ಇಲ್ಲದ ವಿಂಡೋಸೇ ಆಗಿರುತ್ತದೆ. ಈ ಕಟ್ಟುಪಾಡನ್ನು ಎಲ್ಲ ಕಡೆಯೂ ಒಪ್ಪಿಲ್ಲ ಎಂಬುದನ್ನೂ ಹೇಳಬೇಕು: ಓಇಎಂ ಪ್ರತಿಗಳನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಮಾರುವುದನ್ನು ತಡೆಯಲಾಗದು ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತ್ತು.

ನಿಮ್ಮ ಮಟ್ಟಿಗೆ ಇನ್ನೊಂದು ದಾರಿ ಇದೆ. ಕೆಟ್ಟಿರುವುದು ಪರದೆ ಮಾತ್ರ, ಪರವಾನಗಿ ಇರುವ ಬೋರ್ಡ್ ಚೆನ್ನಾಗಿದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಮಾನಿಟರ್ ಜೋಡಿಸಿ, ಕೀಬೋರ್ಡಿನ ವಿಂಡೋಸ್ ಗುಂಡಿ ಮತ್ತು ಪಿ ಒಟ್ಟಿಗೆ ಒತ್ತಿ ಎರಡನೇ ಪರದೆ ಮಾತ್ರ ಎಂಬುದನ್ನು ಆರಿಸಿ. ಕೀಬೋರ್ಡ್, ಮೌಸ್ ಹೊರಗಿನಿಂದ ಸಿಕ್ಕಿಸಿದರೆ ಅದೇ ಡೆಸ್ಕ್‌ಟಾಪ್. ಹೊಸದೇ ಬೇಕೆಂದರೆ ಅದಕ್ಕೆ ರೀಟೇಲ್ ಪರವಾನಗಿ (ಗ್ರಾಹಕರೇ ಬೇರೆಯಾಗಿ ಕೊಳ್ಳುವ, ಇನ್ನೊಂದು ಯಂತ್ರಕ್ಕೆ ಸಾಗಿಸಬಹುದಾದ ಪರವಾನಗಿ) ಕೊಳ್ಳಿ, ಇಲ್ಲವೇ ಲಿನಕ್ಸ್ ಹಾಕಿ. ಬಿಡಿಯಾಗಿ ಸಿಗುವ ಓಇಎಂ ಪ್ರತಿ ಅಗ್ಗವೆಂದು ತಂದರೆ ಅದೂ ಮೊದಲು ಹಾಕಿದ ಯಂತ್ರಕ್ಕೇ ಅಂಟಿಕೊಳ್ಳುತ್ತದೆ. ಮುಂದಿನ ಸಲ ಇದೇ ಪ್ರಶ್ನೆ ಮತ್ತೆ ಏಳುತ್ತದೆ.

ಪ್ರಶ್ನೆ: ನನ್ನದು ಓಇಎಂ ಪ್ರತಿಯೋ ರೀಟೇಲೋ ಎಂದು ತಿಳಿಯುವುದು ಹೇಗೆ?

ಉತ್ತರ: ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಎಸ್‌ಎಲ್‌ಎಂಜಿಆರ್ ಎಂಬ ಐದು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್, ಅದಕ್ಕೆ ತಾಗಿದಂತೆ ಡಿಎಲ್‌ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಸ್ವಲ್ಪ ತಡೆದು ಸಣ್ಣ ಕಿಟಕಿಯೊಂದು ಬರುತ್ತದೆ. ಅದರ ವಿವರಣೆಯ ಸಾಲಿನಲ್ಲಿ ಓಇಎಂ ಡಿಎಂ ಚಾನೆಲ್ ಎಂದಿದ್ದರೆ ಫರ್ಮ್‌ವೇರಿನ ಕೀ, ಆ ಯಂತ್ರ ಬಿಟ್ಟು ಬರುವುದಿಲ್ಲ. ವಾಲ್ಯೂಮ್ ಎಂದಿದ್ದರೆ ಸಂಸ್ಥೆಯೊಂದರ ಪರವಾನಗಿ, ನಿಮ್ಮ ಸ್ವಂತದ್ದಲ್ಲ.

ರೀಟೇಲ್ ಎಂದು ಕಂಡವರು ಎಡವುವುದು ಇಲ್ಲೇ, ಆದ್ದರಿಂದ ಇನ್ನೊಂದು ಸಾಲನ್ನೂ ನೋಡಿ. ಕೆಳಗೆ ಕೀಯ ಕೊನೆಯ ಐದು ಅಕ್ಷರ ಇರುತ್ತದೆ. ಅದು ಹೋಮ್ ಆವೃತ್ತಿಯಲ್ಲಿ 8ಎಚ್‌ವಿಎಕ್ಸ್7 ಅಥವಾ ಪ್ರೊದಲ್ಲಿ 3ವಿ66ಟಿ ಆಗಿದ್ದರೆ ಅದು ನಿಮ್ಮೊಬ್ಬರ ಕೀ ಅಲ್ಲ. ಡಿಜಿಟಲ್ ಪರವಾನಗಿ (ಮೈಕ್ರೋಸಾಫ್ಟಿನ ಸರ್ವರಿನಲ್ಲಿ ಯಂತ್ರದ ಹೆಸರಿಗೆ ದಾಖಲಾದ ಪರವಾನಗಿ) ಇರುವ ಕಂಪ್ಯೂಟರುಗಳಲ್ಲಿ ವಿಂಡೋಸ್ ತಾನೇ ಹಾಕಿಕೊಳ್ಳುವ ಸಾಮಾನ್ಯ ಕೀ ಅದು. ಉದಾಹರಣೆಗೆ, ವಿಂಡೋಸ್ 7 ಹಾಕಿಬಂದ ಲ್ಯಾಪ್‌ಟಾಪನ್ನು ಪುಕ್ಕಟೆಯಾಗಿ ವಿಂಡೋಸ್ 10ಕ್ಕೆ ಏರಿಸಿದ್ದರೆ ಕಿಟಕಿಯಲ್ಲಿ ರೀಟೇಲ್ ಎಂದೇ ತೋರಿಸಬಹುದು. ಆದರೆ ಮೂಲ ಪರವಾನಗಿ ಓಇಎಂ ಆದ್ದರಿಂದ ಏರಿಸಿದ್ದೂ ಓಇಎಂ. ಹೀಗಿದ್ದಾಗ ಕೊಂಡ ರಸೀದಿ, ಪೆಟ್ಟಿಗೆ ಅಥವಾ ಇಮೇಲ್ ಹುಡುಕುವುದೊಂದೇ ಉಪಾಯ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಕೊಂಡ ರೀಟೇಲ್ ಕೀ ನನ್ನಲ್ಲಿದೆ. ಬೇರೆ ಕಂಪ್ಯೂಟರಿಗೆ ಸಾಗಿಸುವ ಕ್ರಮ ಹೇಗೆ?

ಉತ್ತರ: ಮೊದಲು ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹಳೆಯ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೇಲಿನ ಕಮಾಂಡನ್ನೇ ಡಿಎಲ್‌ಐ ಬದಲು ಯುಪಿಕೆ ಎಂದು ಕೊಡಿ, ಕೀ ಕಳಚುತ್ತದೆ. ಆಮೇಲೆ ಸಿಪಿಕೆವೈ ಎಂದು ಕೊಟ್ಟರೆ ವಿಂಡೋಸಿನ ಒಳದಾಖಲೆಯಾದ ರಿಜಿಸ್ಟ್ರಿಯಲ್ಲಿ ಉಳಿದ ಕುರುಹೂ ಅಳಿಯುತ್ತದೆ. ಹೊಸದರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂದು ಹೋಗಿ ಪ್ರಾಡಕ್ಟ್ ಕೀ ಬದಲಿಸಿ. ಎರಡರ ಆವೃತ್ತಿಯೂ ಒಂದೇ ಇರಬೇಕು: ಹೋಮ್ ಕೀ ಪ್ರೊ ಆವೃತ್ತಿಯನ್ನು ಆಕ್ಟಿವೇಟ್ ಮಾಡುವುದಿಲ್ಲ.

ಯುಪಿಕೆ ಕೊಟ್ಟರೆ ಕೀ ಕಳಚುವುದು ನಿಮ್ಮ ಯಂತ್ರದಿಂದ ಮಾತ್ರ, ಮೈಕ್ರೋಸಾಫ್ಟಿನ ಸರ್ವರಿಗೆ ಸುದ್ದಿ ಹೋಗುವುದಿಲ್ಲ. ಹಾಗಾಗಿ ಕೀ ಈಗಾಗಲೇ ಬಳಕೆಯಲ್ಲಿದೆ ಎಂಬ ತಕರಾರು ಬರಬಹುದು. ಇದಕ್ಕೆ ಮುನ್ನೆಚ್ಚರಿಕೆ ಎಂದರೆ, ಹಳೆಯ ಯಂತ್ರ ಚೆನ್ನಾಗಿರುವಾಗಲೇ ಅದರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿರುವುದು. ಆಕ್ಟಿವೇಶನ್ ಪುಟದಲ್ಲಿ ಡಿಜಿಟಲ್ ಪರವಾನಗಿ ಖಾತೆಗೆ ಜೋಡಣೆಯಾಗಿದೆ ಎಂದು ಕಾಣಬೇಕು. ಆಗ ಹೊಸದರಲ್ಲಿ ಟ್ರಬಲ್‌ಶೂಟರ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬುದನ್ನು ಆರಿಸಿ, ಪಟ್ಟಿಯಲ್ಲಿ ಹಳೆಯ ಸಾಧನದ ಹೆಸರನ್ನು ಗುರುತು ಮಾಡಿದರೆ ಸಾಕು. ಹೀಗೆ ಮತ್ತೆ ಮತ್ತೆ ಆಕ್ಟಿವೇಟ್ ಮಾಡುವುದಕ್ಕೆ ಮಿತಿ ಇದೆ, ಸುಮ್ಮನೆ ಪ್ರಯೋಗ ಮಾಡಬೇಡಿ.

ಪ್ರಶ್ನೆ: ಕೀ ಗೊಡವೆಯೇ ಬೇಡವೆಂದು ಹಳೆಯ ಎಸ್‌ಎಸ್‌ಡಿಯನ್ನೇ ಬಿಚ್ಚಿ ಹೊಸದಕ್ಕೆ ಹಾಕಿದರೆ?

ಉತ್ತರ: ಬೂಟ್ ಆದರೂ ಆಗಬಹುದು, ಆದರೆ ಪರವಾನಗಿ ಎಸ್‌ಎಸ್‌ಡಿಯಲ್ಲಿ ಇಲ್ಲವಲ್ಲ. ಬೋರ್ಡ್ ಬೇರೆ ಎಂದು ವಿಂಡೋಸಿಗೆ ಗೊತ್ತಾದೊಡನೆ ಆಕ್ಟಿವೇಶನ್ ಬಿದ್ದುಹೋಗುತ್ತದೆ. 0ಎಕ್ಸ್‌ಸಿ004ಎಫ್211 ಎಂಬ ಸಂಖ್ಯೆ ಕಂಡರೆ ಅದರರ್ಥ ಇದೇ.

ಅದಕ್ಕಿಂತ ದೊಡ್ಡ ಅಪಾಯ ಎನ್‌ಕ್ರಿಪ್ಶನ್ನಿನದು, ಅಂದರೆ ಡಿಸ್ಕಿನ ಮಾಹಿತಿಯನ್ನು ಬೇರೆಯವರು ಓದದಂತೆ ಗುಟ್ಟುಲಿಪಿಗೆ ಬದಲಿಸುವುದು. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ಬಿಡಿಸುವ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿದೆ. ಡಿಸ್ಕನ್ನು ಬೇರೆಡೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಫೋಟೋ, ಕಡತ ಯಾವುದೂ ಸಿಗದು. ಬಿಚ್ಚುವ ಮೊದಲೇ ನಿಮ್ಮ ಖಾತೆಯಲ್ಲಿ ಆ ಅಂಕಿಗಳಿವೆಯೇ ನೋಡಿ ಬರೆದುಕೊಳ್ಳಿ. ಕಡತಗಳಷ್ಟೇ ಬೇಕಿದ್ದರೆ ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳುವುದೇ ಕ್ಷೇಮ.

ಪ್ರಶ್ನೆ: ಮದರ್‌ಬೋರ್ಡೇ ಸುಟ್ಟುಹೋದರೆ ಓಇಎಂ ಪರವಾನಗಿ ಮುಗಿಯಿತೇ?

ಉತ್ತರ: ಇಲ್ಲ. ಕೆಟ್ಟ ಬೋರ್ಡಿಗೆ ಬದಲು ಹಾಕಿದರೆ ಅದನ್ನು ಅದೇ ಕಂಪ್ಯೂಟರ್ ಎಂದೇ ಎಣಿಸುತ್ತಾರೆ. ಚೆನ್ನಾಗಿದ್ದುದನ್ನು ವೇಗಕ್ಕಾಗಿ ಬದಲಿಸಿದರೆ ಮಾತ್ರ ಅದು ಹೊಸ ಕಂಪ್ಯೂಟರ್. ತಯಾರಕರ ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಹಾಕಿಸುವಾಗ ಅದರ ಫರ್ಮ್‌ವೇರಿಗೆ ವಿಂಡೋಸ್ ಕೀ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿ. ಯಂತ್ರ ಕೈಗೆ ಬಂದಾಗ ಅಲ್ಲೇ ಆಕ್ಟಿವೇಶನ್ ಪುಟ ತೆರೆದು ನೋಡಿಕೊಳ್ಳಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಮಾರುತ್ತಿದ್ದೇನೆ. ಕೊಳ್ಳುವವರಿಗೆ ಕೀ ಬರೆದುಕೊಡಬೇಕೇ?

ಉತ್ತರ: ಬೇಕಿಲ್ಲ. ಅದೇ ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅದು ಫರ್ಮ್‌ವೇರಿನಿಂದ ಕೀಯನ್ನು ತಾನೇ ಓದಿಕೊಳ್ಳುತ್ತದೆ. ನೀವು ಸೆಟ್ಟಿಂಗ್ಸಿನ ರಿಕವರಿ ವಿಭಾಗದಲ್ಲಿ ರೀಸೆಟ್ ಒತ್ತಿ ಎಲ್ಲವನ್ನೂ ಅಳಿಸುವ ಆಯ್ಕೆ ಕೊಡಿ, ಡ್ರೈವನ್ನು ಪೂರ್ತಿ ಶುಚಿ ಮಾಡುವ ಆಯ್ಕೆಯನ್ನೂ ಸೇರಿಸಿ. ಬಳಿಕ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ತೆಗೆದುಹಾಕಿ.