ಬಿಲ್ಲಿನ ಕೆಳಗೆ 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಹಾಕಿಸಿದರೆ ಸಾಕಾ?

ತುಮಕೂರಿನಲ್ಲಿ ಮಿಕ್ಸಿ, ಕುಕ್ಕರ್ ಅಂಗಡಿ ತೆರೆಯುತ್ತಿದ್ದೀರಿ, ವೆಬ್‌ಸೈಟೂ ಮಾಡಿಸುತ್ತಿದ್ದೀರಿ, ಬಿಲ್ಲಿನಲ್ಲಿ ಈ ಒಂದು ಸಾಲು ಸಾಕಾ ಅಂತ ಕೇಳಿದ್ದೀರಿ. ಸಾಲದು. ಆ ಸಾಲನ್ನೇ ಬಿಟ್ಟುಬಿಡಿ.

ನಾನು ಇದೇ ಊರಿನಲ್ಲಿ ಬಿಲ್ ಬುಕ್ ಅಚ್ಚು ಹಾಕಿಕೊಡುತ್ತೇನೆ. ಹೊಸದಾಗಿ ಅಂಗಡಿ ಇಡುವವರು ಬೇರೆ ಯಾರದ್ದೋ ಬಿಲ್ ತಂದು, 'ಹೆಸರು, ಜಿಎಸ್‌ಟಿ ನಂಬರ್ ಬದಲಾಯಿಸಿ, ಉಳಿದದ್ದು ಹಾಗೇ ಇರಲಿ' ಅನ್ನುತ್ತಾರೆ. ಕೆಳಗಿರುವ ಇರುವೆಗಾತ್ರದ ಅಕ್ಷರ ಅವರೂ ಓದಿರುವುದಿಲ್ಲ, ಗಿರಾಕಿಯೂ ಓದುವುದಿಲ್ಲ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತೆಗೆದುಕೊಳ್ಳಲೇಬೇಕು. ಅವಧಿ ಬರೆದಿಲ್ಲ ಅಂದರೆ 30 ದಿನ. ಒಲ್ಲೆ ಅಂದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲನ್ನೇ ಕೊಡದಿದ್ದರೂ ಅಷ್ಟೇ.

ಆದರೆ ಕುಕ್ಕರ್ ಚೆನ್ನಾಗಿದೆ, ಮನೆಯವರಿಗೆ ಸೈಜ್ ಇಷ್ಟವಾಗಲಿಲ್ಲ ಅಂತ ಬಂದರೆ? ಅಂಗಡಿಗೆ ಬಂದು ನೋಡಿ ಕೊಂಡದ್ದನ್ನು ಬದಲಾಯಿಸಿಕೊಡಲೇಬೇಕು ಅಂತ ಈ ಕಾಯ್ದೆ ಹೇಳುವುದಿಲ್ಲ. ಅಲ್ಲಿ ಕಂಡೀಷನ್ ನಿಮ್ಮದೇ. ನಾನಾದರೆ ಹೀಗೆ ಬರೆಸುತ್ತೇನೆ: 'ಬಳಸದ ವಸ್ತುವನ್ನು ಬಿಲ್ ಮತ್ತು ಬಾಕ್ಸ್ ಸಮೇತ 7 ದಿನದೊಳಗೆ ತಂದರೆ ಬದಲಾಯಿಸಿಕೊಡುತ್ತೇವೆ. ಕೆಟ್ಟಿರುವ ವಸ್ತುವಾದರೆ 30 ದಿನದೊಳಗೆ ವಾಪಸ್ ಪಡೆಯುತ್ತೇವೆ.' ಕನ್ನಡದಲ್ಲಿ, ಮೇಲಿನ ಐಟಂ ಸಾಲುಗಳಷ್ಟೇ ದಪ್ಪ ಅಕ್ಷರದಲ್ಲಿ. ಹೀಗೆ ಬರೆಸಿದರೆ ಕೌಂಟರಿನ ಮುಂದೆ ಜಗಳವೇ ಆಗುವುದಿಲ್ಲ ಅಂತಲ್ಲ, ಆದರೆ ಇಬ್ಬರಿಗೂ ಬೆರಳಿಟ್ಟು ತೋರಿಸಲು ಒಂದು ಸಾಲು ಇರುತ್ತದೆ.

ಇನ್ನೊಂದು ಸಾಲು ಎಲ್ಲರೂ ಹಾಕಿಸುತ್ತಾರೆ, 'ವ್ಯಾಜ್ಯಗಳು ತುಮಕೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ'. ಗ್ರಾಹಕರ ದೂರಿಗೆ ಅದನ್ನು ನಂಬಿ ಕೂರಬೇಡಿ. ಕೋಲಾರದವರು ನಿಮ್ಮ ವೆಬ್‌ಸೈಟಿನಲ್ಲಿ ಮಿಕ್ಸಿ ತರಿಸಿಕೊಂಡರೆ, ತಾವಿರುವ ಕೋಲಾರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ವಕೀಲರೂ ಬೇಕಿಲ್ಲ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷ ಸಮಯ ಇರುತ್ತದೆ.

ಮದುವೆ ಆರ್ಡರಿಗೆ ಅಡ್ವಾನ್ಸ್ ತೆಗೆದುಕೊಳ್ತೀರಿ ಅಲ್ವಾ? 'ಯಾವ ಕಾರಣಕ್ಕೂ ವಾಪಸ್ ಇಲ್ಲ' ಅಂತ ಸುಮ್ನೆ ಬರೆಸಬೇಡಿ. ಆದ ನಷ್ಟಕ್ಕಿಂತ ತೀರಾ ಜಾಸ್ತಿ ದಂಡ ಹಾಕುವ ಕರಾರನ್ನು ಇದೇ ಕಾಯ್ದೆ ಅನ್ಯಾಯದ ಕರಾರು ಅನ್ನುತ್ತದೆ. ನಿಮಗೆ ನಿಜವಾಗಿ ಆಗುವ ಖರ್ಚು ಎಷ್ಟೋ ಅಷ್ಟನ್ನು ಮುರಿದುಕೊಳ್ಳುತ್ತೇವೆ ಅಂತ ಬರೆಸಿ.

ವೆಬ್‌ಸೈಟಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ವಾಪಸ್, ರೀಫಂಡ್ ಹೇಗೆ ಅನ್ನುವುದು ಕೊಳ್ಳುವ ಮೊದಲೇ ಕಾಣಬೇಕು. ದೂರು ನೋಡಿಕೊಳ್ಳುವವರ ಹೆಸರು, ಫೋನ್ ನಂಬರ್ ಇರಬೇಕು. ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಒಪ್ಪಿಗೆಯ ಟಿಕ್ ಗಿರಾಕಿಯೇ ಹಾಕಬೇಕು, ಮೊದಲೇ ಹಾಕಿಡುವ ಹಾಗಿಲ್ಲ. ವೆಬ್‌ಸೈಟ್ ಮಾಡುವವರಿಗೆ ಇದನ್ನು ಈಗಲೇ ಹೇಳಿಬಿಡಿ.