ಬ್ರೆಡ್ಡಿಗೆ ಅತ್ತದ್ದು ತಪ್ಪಲ್ಲ

ಪ್ರಶ್ನೆ: ಮ್ಯೂನಿಕ್‌ನಲ್ಲಿ 11 ವರ್ಷ ಇದ್ದು, ಮಾವನವರ ಆರೋಗ್ಯ ಕೆಟ್ಟಿದ್ದರಿಂದ 14 ತಿಂಗಳ ಹಿಂದೆ ಮೈಸೂರಿಗೆ ವಾಪಸ್ ಬಂದೆವು. ನನಗೆ 41. ಅಲ್ಲಿ 6 ವರ್ಷ ಕೆಲಸವನ್ನೂ ಮಾಡಿದ್ದೆ. ಬರೋಣ ಅಂತ ಹಟ ಹಿಡಿದವಳು ನಾನೇ. ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳೇ ಫೋಟೊ ನೋಡುತ್ತಾ ಕೂರುತ್ತೇನೆ, ಫೋನಿನಲ್ಲಿ ಮ್ಯೂನಿಕ್‌ನ ಹವಾಮಾನ ನೋಡುತ್ತೇನೆ. ಅಲ್ಲಿನ ರೈ ಬ್ರೆಡ್ ಮಾಡಲು ಹೋಗಿ ಮೂರು ಸಲವೂ ಕುಸಿದು ಅಂಟಂಟಾಯಿತು. ಮೂರನೇ ಸಲ ಅಡುಗೆಮನೆಯಲ್ಲೇ ಅತ್ತುಬಿಟ್ಟೆ. ‘ಬ್ರೆಡ್ಡಿಗೆ ಯಾರಾದ್ರೂ ಅಳ್ತಾರೇನಮ್ಮಾ?’ ಅಂದರು ಅತ್ತೆ. ‘ಅಷ್ಟು ಇಷ್ಟ ಇದ್ರೆ ಯಾಕೆ ಬಂದೆ?’ ಅಂತಾರೆ ನಮ್ಮ ಯಜಮಾನರು. 10 ವರ್ಷದ ಮಗಳು ಜರ್ಮನ್ ಮರೆಯುತ್ತಿದ್ದಾಳೆ. ಬಂದದ್ದು ತಪ್ಪಾಯಿತಾ? ವಾಪಸ್ ಹೋಗಬೇಕಾ?
– ಹೆಸರು ಬೇಡ, ಮೈಸೂರು

ಉತ್ತರ: ಸಹೋದರಿ, ನಿಮ್ಮದು ತಪ್ಪು ತೀರ್ಮಾನವೂ ಅಲ್ಲ, ಕಾಯಿಲೆಯೂ ಅಲ್ಲ. ಮೊದಲು ಇದನ್ನು ನಂಬಿ.

ತವರಿನ ಹಂಬಲಕ್ಕೆ ನಮ್ಮ ಭಾಷೆಯಲ್ಲಿ ಮಾತು ಬೇಕಾದಷ್ಟಿದೆ. ತವರಿಗೆ ಮರಳಿದವಳಿಗೆ ಬಿಟ್ಟುಬಂದ ಮನೆಯ ಹಂಬಲ ಹತ್ತಿದರೆ ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ ನೋವನ್ನು ಮನೆಯವರು ಕೊಸರಾಟ ಅಂದುಕೊಳ್ಳುತ್ತಾರೆ. ನೀವು ಇದ್ದ ನಾಡಿನ ಭಾಷೆಯಲ್ಲಿ ಎರಡೂ ಇವೆ: ಊರಿನ ಹಂಬಲಕ್ಕೆ ಹೈಮ್‌ವೇ, ದೂರದ ಹಂಬಲಕ್ಕೆ ಫೆರ್ನ್‌ವೇ. ಹೊರನಾಡಿನಿಂದ ಮರಳಿದವರು ಎರಡನೇ ಸಲ ಒಗ್ಗಿಕೊಳ್ಳಬೇಕಾಗುತ್ತದೆ ಎಂದು ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲೇ ಬರೆದರು. ಹೋದಾಗ ಒಂದು ಇಳಿಜಾರು, ಬಂದಾಗ ಇನ್ನೊಂದು. ಹೋಗುವಾಗಿನದಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಬರುವಾಗ ‘ನಮ್ಮ ಮನೆಗೇ ತಾನೇ’ ಅಂದುಕೊಂಡು ಯಾರೂ ಸಿದ್ಧರಾಗುವುದಿಲ್ಲ, ಏಟು ಬೀಳುವುದು ಅದಕ್ಕೇ.

ಈಗ ಬ್ರೆಡ್ಡಿನ ವಿಷಯಕ್ಕೆ ಬರುತ್ತೇವೆ. ನೀವು ಅದನ್ನು ನಾಚಿಕೊಂಡು ಬರೆದಂತಿದೆ. ನಾಚಿಕೆ ಬೇಡ, ನಿಮ್ಮ ಪತ್ರದಲ್ಲಿ ತಕ್ಷಣ ಸರಿಪಡಿಸಬಹುದಾದ ಸಂಗತಿ ಅದೊಂದೇ.

ಬ್ರೆಡ್ಡು ಕುಸಿದದ್ದು ನಿಮ್ಮ ಕೈಗುಣದಿಂದಲ್ಲ, ಮೈಸೂರಿನ ಸೆಕೆಯಿಂದ. ಬೇಸಿಗೆಯಲ್ಲಿ ದೋಸೆಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಪಾತ್ರೆಯಿಂದ ಉಕ್ಕಿ ಹುಳಿಯಾಗಿರುವುದಿಲ್ಲವೇ, ಇದೂ ಹಾಗೆಯೇ. ಅಲ್ಲಿ 20 ಡಿಗ್ರಿಯ ಅಡುಗೆಮನೆಯಲ್ಲಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಬೇಯಿಸುತ್ತಿದ್ದಿರಿ. ಇಲ್ಲಿ 30 ಡಿಗ್ರಿಗೆ ಅದೇ ಹಿಟ್ಟು ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ ಹುದುಗಿ ಮುಗಿಯುತ್ತದೆ. ರೈ ಗೋಧಿಯಂಥದೇ ಧಾನ್ಯ, ಆದರೆ ಅದರ ಹಿಟ್ಟಿಗೆ ಗೋಧಿಯಂತೆ ಎಳೆದರೆ ಹಿಗ್ಗುವ ಗುಣವಿಲ್ಲ. ಹದ ಮೀರಿದರೆ ಒಳಗಿನ ಗಾಳಿಯನ್ನು ಹಿಡಿದುಕೊಳ್ಳಲಾಗದೆ ಕೂತುಬಿಡುತ್ತದೆ.

ಹೀಗೆ ಮಾಡಿ ನೋಡಿ. 300 ಗ್ರಾಂ ಗೋಧಿಹಿಟ್ಟು, 200 ಗ್ರಾಂ ರೈ ಹಿಟ್ಟು, 10 ಗ್ರಾಂ ಉಪ್ಪು, ಒಂದು ಚಮಚ ಕುಟ್ಟಿದ ಕೊತ್ತಂಬರಿ ಬೀಜ, ಅರ್ಧ ಚಮಚ ಸೋಂಪು. ಹುಳಿಹಿಟ್ಟಿನ ಹೆಪ್ಪು (ಮಾಡುವ ಬಗೆ ಕೊನೆಯಲ್ಲಿದೆ) 60 ಗ್ರಾಂ ಸಾಕು, ಅಲ್ಲಿ ಹಾಕುತ್ತಿದ್ದಷ್ಟು ಬೇಡ. ನೀರು 370 ಮಿ.ಲೀ., ಫ್ರಿಜ್ಜಿನಿಂದ ತೆಗೆದದ್ದು. ಚಪಾತಿ ಹಿಟ್ಟಿನಂತೆ ನಾದಬೇಡಿ. ಮರದ ಸೌಟಿನಲ್ಲಿ ಕಲೆಸಿ ನೇರ ಟಿನ್ನಿಗೆ ಹಾಕಿ, ಒದ್ದೆ ಕೈಯಲ್ಲಿ ಮೇಲ್ಮೈ ಸವರಿ. ಟಿನ್ನಿಗೆ ಹಾಕಿ ನಾಲ್ಕು ಗಂಟೆ ಕಳೆದ ಮೇಲೆ ಕಣ್ಣಿಟ್ಟಿರಿ. ಒಂದೂವರೆ ಪಟ್ಟಾದರೆ ಸಾಕು, ಎರಡು ಪಟ್ಟಿಗೆ ಕಾದರೆ ಕೆಟ್ಟಿತು. ಮೇಲೆ ಸೂಜಿಮೊನೆಯಷ್ಟು ತೂತುಗಳು ಕಂಡವೋ, ಇನ್ನು ಒಂದು ನಿಮಿಷವೂ ತಡ ಮಾಡಬೇಡಿ. ಓವನ್ ಮೊದಲೇ ಕಾದಿರಲಿ, ಒಳಗೆ ಒಂದು ಲೋಟ ಕುದಿಯುವ ನೀರಿಡಿ: 230 ಡಿಗ್ರಿಯಲ್ಲಿ 15 ನಿಮಿಷ, ಲೋಟ ತೆಗೆದು 200 ಡಿಗ್ರಿಯಲ್ಲಿ 40 ನಿಮಿಷ. ಅಂಟಂಟಾಗಲು ಇನ್ನೊಂದು ಕಾರಣ ಬಿಸಿಬಿಸಿಯಾಗಿ ಕುಯ್ಯುವುದು. ಬಟ್ಟೆಯಲ್ಲಿ ಸುತ್ತಿಟ್ಟು ಮರುದಿನವೇ ಕುಯ್ಯಿರಿ.

ಬ್ರೆಡ್ಡಿನ ಬಗ್ಗೆ ಇಷ್ಟುದ್ದ ಬರೆದದ್ದಕ್ಕೆ ಕಾರಣವಿದೆ. ನಿಮಗೆ ಬೇಕಾಗಿರುವುದು ಇಡೀ ಜರ್ಮನಿ ಎಂದು ನಮಗೆ ಅನ್ನಿಸುತ್ತಿಲ್ಲ. ಒಂದು ಹಾಳೆಯಲ್ಲಿ ನೆನಪಾಗುವುದನ್ನೆಲ್ಲ ಬರೆಯಿರಿ, ಪ್ರತಿಯೊಂದಕ್ಕೂ ಹೊತ್ತು ಹಾಕಿ: ‘ಶನಿವಾರ ಬೆಳಗ್ಗೆ 8ಕ್ಕೆ ಖಾಲಿ ಬಾಟಲಿಗಳ ಚೀಲ ಹೊತ್ತು ಅಂಗಡಿಯ ಯಂತ್ರಕ್ಕೆ ಹಾಕಿ, ಬಾಟಲಿಗೆ 25 ಸೆಂಟಿನಂತೆ ಚೀಟಿ ತೆಗೆದುಕೊಂಡದ್ದು’ ಎಂಬಷ್ಟು ಸಣ್ಣದಾಗಿ. ಆಮೇಲೆ ಮೂರು ಗುರುತು ಹಾಕಿ. ಆ ಜಾಗದ್ದು, ಅಂದರೆ ಈಸರ್ ನದಿ, ಹಿಮ. ನಿಮ್ಮ ವಯಸ್ಸಿನದು, ಅಂದರೆ ಮೂವತ್ತರ ಕಾಲು, ಪುಟ್ಟ ಮಗು. ಮೂರನೆಯದು ನಿಮ್ಮ ಸ್ವಂತ ಹೊತ್ತು: ಯಾರ ಸೊಸೆಯೂ ಆಗಿರದೆ, ಯಾರಿಗೂ ಹೇಳದೆ ಎರಡು ಗಂಟೆ ಹೊರಗಿದ್ದದ್ದು. ಮೊದಲೆರಡು ಇಲ್ಲಿ ಸಿಗುವುದಿಲ್ಲ, ಅವನ್ನು ಪ್ರೀತಿಯಿಂದ ನೆನೆಯಬೇಕು, ಅಷ್ಟೇ. ನಿಮ್ಮ ಪಟ್ಟಿಯಲ್ಲಿ ಮೂರನೇ ಗುರುತೇ ಹೆಚ್ಚಿರುತ್ತದೆ ಎಂಬುದು ನಮ್ಮ ಅಂದಾಜು. ಅದನ್ನು ಮೈಸೂರಿನಲ್ಲೂ ಪಡೆಯಬಹುದು, ಆದರೆ ಕೇಳಿ ಪಡೆಯಬೇಕು.

ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು, ಡ್ರಿಲ್ ಸದ್ದಿರಲಿಲ್ಲ, ಹೇಳದೆ ಯಾರೂ ಬರುತ್ತಿರಲಿಲ್ಲ. ಆ ಮೌನವನ್ನು ಅಲ್ಲಿನ ಕಾನೂನೇ ಕಾಯುತ್ತಿತ್ತು. ಇಲ್ಲಿ ನೀವೇ ಕಾಯಬೇಕು. ‘ನಂಗೂ ಸ್ವಲ್ಪ ಟೈಮ್ ಬೇಕು’ ಅಂದರೆ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ‘ಭಾನುವಾರ 6ರಿಂದ ಎಂಟೂವರೆವರೆಗೆ ಕುಕ್ಕರಹಳ್ಳಿ ಕೆರೆ ಕಡೆ ಹೋಗ್ತೀನಿ, ದೋಸೆಹಿಟ್ಟು ಫ್ರಿಜ್ಜಲ್ಲಿದೆ, ಚಟ್ನಿ ಮಾಡಿಟ್ಟಿದೀನಿ’ ಅನ್ನಿ. ಮೂರನೇ ವಾರ ನೆಂಟರು ಬರುತ್ತಾರೆ, ನೀವು ನಿಂತುಬಿಡುತ್ತೀರಿ, ಅಲ್ಲಿಗೆ ಅಭ್ಯಾಸ ತಪ್ಪುತ್ತದೆ. ಹಾಗೆ ತಪ್ಪಿದ ವಾರ ಬುಧವಾರಕ್ಕೆ ಬದಲಿ ಹೊತ್ತು ಈಗಲೇ ಗೊತ್ತುಮಾಡಿ.

ಇನ್ನು ಯಜಮಾನರ ಮಾತು. ‘ಅಲ್ಲಿ ಹೀಗಿರಲಿಲ್ಲ’ ಎಂದು ನೀವು ದಿನಕ್ಕೆಷ್ಟು ಸಲ ಹೇಳುತ್ತೀರಿ, ಎರಡು ದಿನ ಎಣಿಸಿ ನೋಡಿ. ನೀವು ನೆನಪು ಹೇಳುತ್ತಿದ್ದೀರಿ, ಕೇಳುವವರ ಕಿವಿಗೆ ಅದು ದೂರು. ಹೋಲಿಕೆ ಬಿಟ್ಟು ಕಥೆ ಹೇಳಿ: ‘ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗೋದು, ಇವಳು ಲಾಟೀನು ಹಿಡ್ಕೊಂಡು ಸ್ಕೂಲಿಂದ ಬರೋಳು.’ ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಅತ್ತೆಯವರೂ ಒಂದು ಕಾಲಕ್ಕೆ ತವರು ಬಿಟ್ಟು ಈ ಮನೆಗೆ ಬಂದವರೇ. ಮೊದಲ ವರ್ಷ ಅವರಿಗೆ ಯಾವ ತಿಂಡಿ ನೆನಪಾಗುತ್ತಿತ್ತು ಎಂದು ಒಮ್ಮೆ ಕೇಳಿ. ಬ್ರೆಡ್ಡಿಗೆ ಅತ್ತದ್ದು ಅವರಿಗೆ ಆಗ ಅರ್ಥವಾದೀತು.

ಫೋಟೊಗಳನ್ನು ರಾತ್ರಿ ಒಬ್ಬರೇ ನೋಡುವುದನ್ನು ನಿಲ್ಲಿಸಿ. ಭಾನುವಾರ ಮಧ್ಯಾಹ್ನ ಮಗಳ ಜೊತೆ ಟಿವಿಯಲ್ಲಿ ಇಪ್ಪತ್ತೇ ಇಪ್ಪತ್ತು ನೋಡಿ. ಎರಡು ವಾರದ ಮೇಲೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ಮಾತ್ರ ಇದು ಬೇರೆ ವಿಷಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳ ಜರ್ಮನ್ ವಿಷಯದಲ್ಲಿ ತಡಮಾಡಬೇಡಿ. ಈ ವಯಸ್ಸಿನಲ್ಲಿ ಬಳಸದ ಭಾಷೆ ಬೇಗ ಕಳಚುತ್ತದೆ. ಮೊದಲು ಹೋಗುವುದು ಮಾತು, ಅರ್ಥವಾಗುವುದು ಇನ್ನಷ್ಟು ಕಾಲ ಉಳಿದಿರುತ್ತದೆ. ಪುಸ್ತಕ, ಆ್ಯಪ್‌ಗಿಂತ ಒಬ್ಬ ಗೆಳತಿ ಮುಖ್ಯ. ಅಲ್ಲಿನ ಸಹಪಾಠಿಯೊಬ್ಬಳ ಜೊತೆ ಶನಿವಾರ ನಮ್ಮ ಮಧ್ಯಾಹ್ನ ಎರಡೂವರೆಗೆ ವಿಡಿಯೊ ಕಾಲ್ ಇಡಿ, ಆಗ ಅವರಿಗೆ ಬೆಳಗ್ಗೆ 11. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ಮಾರ್ಚ್ ಕೊನೆಯವರೆಗೆ ನಮ್ಮ ಮೂರೂವರೆಗೆ ಅವರ 11. ಇದನ್ನು ಮರೆತರೆ ಮಗು ಒಂದು ಗಂಟೆ ಫೋನಿನ ಮುಂದೆ ಕಾದು, ‘ಅವಳಿಗೆ ನಾನು ಬೇಡ’ ಅಂದುಕೊಳ್ಳುತ್ತದೆ. ಪರೀಕ್ಷೆಯ ಗುರಿ ಬೇಕೆಂದರೆ ಜರ್ಮನ್ ಕಲಿಸುವ ಬೆಂಗಳೂರಿನ ಗಯಟೆ ಇನ್‌ಸ್ಟಿಟ್ಯೂಟ್‌ನಲ್ಲಿ ಮಕ್ಕಳ ಹಂತದ ಪರೀಕ್ಷೆಗಳಿವೆಯೇ ವಿಚಾರಿಸಿ.

ವಾಪಸ್ ಹೋಗಬೇಕಾ ಎಂಬುದನ್ನು ಈ ವರ್ಷ ತೀರ್ಮಾನಿಸಬೇಡಿ. ನಿಮ್ಮದು ಭಾರತದ ಪಾಸ್‌ಪೋರ್ಟೇ ಆಗಿದ್ದರೆ, ಕಾಯಂ ವಾಸದ ಪರವಾನಗಿ ಈಗಾಗಲೇ ಹೋಗಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದು, ಕೆಲವು ಬಗೆಯ ಪರವಾನಗಿಗೆ ಮಾತ್ರ ಗಡುವು ಇನ್ನೂ ಉದ್ದ, ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಅದು ಹೋಗಿದ್ದರೆ ‘ಬೇಗ ಹೋಗದಿದ್ದರೆ ಬಾಗಿಲು ಮುಚ್ಚುತ್ತೆ’ ಎಂಬ ಅವಸರಕ್ಕೆ ಅರ್ಥವಿಲ್ಲ. ಹೋಗುವುದಾದರೆ ಕೆಲಸ ಹುಡುಕಿ ಹೊಸ ವೀಸಾ, ಅದು ಇವತ್ತೂ ಅಷ್ಟೇ, ಎರಡು ವರ್ಷ ಬಿಟ್ಟೂ ಅಷ್ಟೇ. ನಿಮ್ಮ 6 ವರ್ಷದ ದುಡಿಮೆಯೂ ನೀರುಪಾಲಾಗಿಲ್ಲ. 60 ತಿಂಗಳು ವಂತಿಗೆ ಕಟ್ಟಿದ್ದರೆ ಅಲ್ಲಿನ ವೃದ್ಧಾಪ್ಯ ಪಿಂಚಣಿಗೆ ಹಕ್ಕಿದೆ, 67ಕ್ಕೆ ಅದು ಭಾರತಕ್ಕೇ ಬರುತ್ತದೆ. ಪಿಂಚಣಿ ವಿಮೆಯ ಸಂಖ್ಯೆ ಇರುವ ಕಾಗದ ಜೋಪಾನ ಮಾಡಿ, ಮೈಸೂರಿನ ವಿಳಾಸ ತಿಳಿಸಿ. ಅನಿವಾಸಿ ಭಾರತೀಯರಾಗಿದ್ದಾಗಿನ ಎನ್‌ಆರ್‌ಇ ಬ್ಯಾಂಕ್ ಖಾತೆ ಇನ್ನೂ ಹಾಗೇ ಇದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ರೆಸಿಡೆಂಟ್ ಖಾತೆಗೆ ಬದಲಿಸಿ.

ಒಮ್ಮೆ ನೋಡಿ ಬರಬೇಕು ಅನ್ನಿಸಿದರೆ ಹೋಗಿ, ಮೂರು ವಾರ, ಪ್ರವಾಸಿ ವೀಸಾದಲ್ಲಿ. ಆದರೆ ಜುಲೈನಲ್ಲಿ ಬೇಡ, ಕ್ರಿಸ್‌ಮಸ್ ಸಂತೆಯ ಹೊತ್ತಿನಲ್ಲೂ ಬೇಡ. ಆ ದಿನಗಳಲ್ಲಿ ಯಾವ ಊರೂ ಚೆಂದವೇ. ನವೆಂಬರ್ ಮೊದಲ ವಾರಗಳಲ್ಲಿ ಹೋಗಿ, ಹಗಲು ಕುಗ್ಗಿ, ಜಿಟಿಜಿಟಿ ಮಳೆ ಹಿಡಿದು, ಎಲೆ ಉದುರಿದ ಬೀದಿಯಲ್ಲಿ ನಿಲ್ಲಿ. ಆಗಲೂ ಮನಸ್ಸು ‘ಇಲ್ಲೇ’ ಅಂದರೆ ಯಜಮಾನರ ಜೊತೆ ಕೂತು ಮಾತಾಡಲು ನಿಮ್ಮ ಬಳಿ ಗಟ್ಟಿ ಮಾತಿರುತ್ತದೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಹಾಕಬಹುದು.

ಈ ವಾರ ಬ್ರೆಡ್ ಮಾಡಲು ಹೋಗಬೇಡಿ, ಹೆಪ್ಪು ಮಾತ್ರ ಎಬ್ಬಿಸಿ. ಗಾಜಿನ ಬಾಟಲಿಯಲ್ಲಿ 50 ಗ್ರಾಂ ರೈ ಹಿಟ್ಟು, 50 ಮಿ.ಲೀ. ನೀರು ಕಲೆಸಿಡಿ. ದಿನಾ ಅರ್ಧ ತೆಗೆದುಹಾಕಿ ಮತ್ತೆ ಅಷ್ಟಷ್ಟೇ ಸೇರಿಸಿ. ಐದಾರು ದಿನಕ್ಕೆ ಹಣ್ಣಿನ ಹುಳಿವಾಸನೆ ಬಂದು ಗುಳ್ಳೆ ಏಳುತ್ತದೆ. ಮುಂದಿನ ವಾರ ಶನಿವಾರ ಬೇಯಿಸಿ. ಭಾನುವಾರ ಕೆರೆಯಿಂದ ಬಂದು ತೆಳ್ಳಗೆ ಕುಯ್ದು, ಬೆಣ್ಣೆ ಹಚ್ಚಿ, ಮೊದಲ ಹೋಳು ಅತ್ತೆಯವರಿಗೆ ಕೊಡಿ. ಗಟ್ಟಿಯಾಗಿದೆ ಅಂದರೆ ಕಾಫಿಯಲ್ಲಿ ಅದ್ದಿಕೊಳ್ಳಲು ಹೇಳಿ.